ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್: ಐದು ವರ್ಷ ಬಳಸಿದ ಮೇಲೆ

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. 2014ರಲ್ಲಿ ಕೊಂಡದ್ದು. ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್. ನಾನು, ಮಗಳು, ಅಪ್ಪ ಮೂವರಿಗೂ ಅದೇ. 2020ರ ಕೊನೆಗೆ ಅದು ಎಷ್ಟು ನಿಧಾನವಾಗಿತ್ತೆಂದರೆ, ಆನ್ ಮಾಡಿಟ್ಟು ಅಪ್ಪ ಕಾಫಿ ಕುಡಿದು ಬರುತ್ತಿದ್ದರು. ಮಗಳಿಗೆ ಆನ್‌ಲೈನ್ ಕ್ಲಾಸ್ ನಡೆಯುತ್ತಿತ್ತು, ಹೊಸದು ಕೊಳ್ಳಲು ದುಡ್ಡಿರಲಿಲ್ಲ. ಆಗ ಹಾಕಿದ್ದು ಲಿನಕ್ಸ್ ಮಿಂಟ್ 20, ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಉಚಿತ ಆಪರೇಟಿಂಗ್ ಸಿಸ್ಟಮ್. ಈಗ ಮಿಂಟ್ 22ರಲ್ಲಿದ್ದೇವೆ, ಲ್ಯಾಪ್‌ಟಾಪ್ ಅದೇ.

ಯಾವ ಲಿನಕ್ಸ್ ಒಳ್ಳೆಯದು ಅಂತ ಓದುತ್ತಾ ಕೂತರೆ ತಿಂಗಳೇ ಕಳೆಯುತ್ತದೆ. ನಾನು ಲಿನಕ್ಸ್‌ನ ಬೇರೆ ಬೇರೆ ರೂಪಗಳಾದ ಉಬುಂಟು, ಜೋರಿನ್, ಮಿಂಟ್ ಮೂರನ್ನೂ ಒಂದೊಂದಾಗಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಓಡಿಸಿ ನೋಡಿದೆ. ಹೀಗೆ ನೋಡುವಾಗ ಹಾರ್ಡ್‌ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಮೂರರಲ್ಲಿ ಯಾವುದೂ ಕೆಟ್ಟದ್ದಲ್ಲ. ಮಿಂಟ್ ನಿಂತಿರುವುದೇ ಉಬುಂಟು ಮೇಲೆ. ಆದರೆ ಅಪ್ಪನನ್ನು ಕೂರಿಸಿದಾಗ ಅವರು ಯಾರನ್ನೂ ಕೇಳದೆ ಎಡಗಡೆ ಕೆಳಗಿನ ಮೆನು ಒತ್ತಿ, ಫೋಲ್ಡರ್ ತೆರೆದು, ತಂಗಿಯ ಮದುವೆ ಫೋಟೋ ಹುಡುಕಿಕೊಂಡದ್ದು ಮಿಂಟ್‌ನಲ್ಲಿ. ನನಗೆ ಅಷ್ಟು ಸಾಕಾಯಿತು.

ಮಿಂಟ್‌ನಲ್ಲೇ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಬಗೆಯ ಡೆಸ್ಕ್‌ಟಾಪ್ (ಪರದೆಯ ನೋಟ, ಮೆನು) ಇವೆ. 4 ಜಿಬಿ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, 8 ಜಿಬಿ ಇದ್ದರೆ ಕಣ್ಣುಮುಚ್ಚಿ ಸಿನಮನ್. ಮಿಂಟ್ 20ರಿಂದ ಈಚೆಗೆ 64 ಬಿಟ್ ಕಂಪ್ಯೂಟರ್‌ಗಷ್ಟೇ ಇದೆ, ಅದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು ಮಾತು. ನಮ್ಮ ಲ್ಯಾಪ್‌ಟಾಪ್‌ಗೆ ಜೀವ ಬಂದದ್ದರಲ್ಲಿ ಅರ್ಧ ಪಾಲು ಆಮೇಲೆ ಹಾರ್ಡ್‌ಡಿಸ್ಕ್ ಬದಲಿಗೆ ಹಾಕಿಸಿದ 240 ಜಿಬಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನದ್ದು. ಹಳೇ ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಲಿನಕ್ಸ್ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಇನ್‌ಸ್ಟಾಲ್ ಆಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆದರೆ ಮುಗಿದ ಮೇಲೆ ವೈಫೈ ಕಾಣಲೇ ಇಲ್ಲ. ಆ ವೈಫೈ ಚಿಪ್‌ಗೆ ಅದರ ಕಂಪನಿಯ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಬೇರೆಯೇ ಬೇಕಿತ್ತು. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು! ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದೆ, ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಬಂತು. ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದದ್ದನ್ನು ಅದೇ ತೋರಿಸಿತು. ಹಾಕಿ, ರೀಸ್ಟಾರ್ಟ್ ಮಾಡಿದೆ. ಅಂದಿನಿಂದ ಇಂದಿನವರೆಗೆ ವೈಫೈ ಕೈಕೊಟ್ಟಿಲ್ಲ.

ಅಪ್ಪನಿಗೆ ಬೇಕಾದದ್ದು ಕನ್ನಡ. ನಿವೃತ್ತ ಮೇಷ್ಟ್ರು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದೆ. ಕೀಲಿಮಣೆ ಬದಲಾದರೆ ಕಂಪ್ಯೂಟರನ್ನೇ ಮುಟ್ಟುವುದಿಲ್ಲ ಅಂದಿದ್ದರು. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆಗೆ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಸಿಗುತ್ತದೆ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಅದೇ ಕೀಲಿ ವಿನ್ಯಾಸ ಅದು. ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’ ಬಂತು. ಅಪ್ಪನ ಮುಖ ಅರಳಿತು. ಪ್ಯಾಕೇಜ್ ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಕಾಣದೆ ಸುಮ್ನೆ ತಲೆಕೆಡುತ್ತದೆ. ಅಕ್ಷರಕ್ಕೆ ಗುಬ್ಬಿ, ನವಿಲು ಎಂಬ ಚೆಂದದ ಉಚಿತ ಫಾಂಟ್‌ಗಳಿವೆ.

ಅವರ ಹಳೇ ಫೈಲುಗಳ ಕತೆ ಬೇರೆ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಬರೆದವು, ಲಿಬ್ರೆ ಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಆ ಫಾಂಟ್ ಫೈಲುಗಳನ್ನು ತಂದು ಹಾಕಿದ ಮೇಲೆ ಓದಲು ಬಂದವು. ಆಮೇಲೆ ಬೇಕಾದವನ್ನೆಲ್ಲ ಒಂದೊಂದಾಗಿ ಯುನಿಕೋಡ್‌ಗೆ ಬದಲಾಯಿಸಿಕೊಂಡೆವು. ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬಹುದು, ಆದರೆ ಅನುವಾದ ಇನ್ನೂ ಅರ್ಧಂಬರ್ಧ. ಅದನ್ನು ಪೂರ್ತಿ ಮಾಡಬೇಕಾದವರು ನಾವೇ, ಕನ್ನಡದವರು.

ಈಗ ಟೈಮ್‌ಶಿಫ್ಟ್ ಬಗ್ಗೆ, ಅಂದರೆ ಸಿಸ್ಟಮ್ ಕೆಟ್ಟರೆ ಅದನ್ನು ಮೊದಲಿನ ಸ್ಥಿತಿಗೆ ತರುವ ಸಾಧನದ ಬಗ್ಗೆ. ಹೊಸಬರಿಗೆ ಮಿಂಟ್ ಅನ್ನೇ ಹೇಳಲು ನನಗಿರುವ ದೊಡ್ಡ ಕಾರಣ ಇದು. 2022ರಲ್ಲಿ ಪ್ರಿಂಟರ್ ಸರಿಮಾಡಲು ಎಲ್ಲೋ ಸಿಕ್ಕ ಕಮಾಂಡನ್ನು ಅರ್ಥವಾಗದೆಯೇ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಂಟಿಸಿಬಿಟ್ಟೆ. ಮತ್ತೆ ಆನ್ ಮಾಡಿದರೆ ಪಾಸ್‌ವರ್ಡ್ ಕೊಟ್ಟಷ್ಟೂ ಲಾಗಿನ್ ಪರದೆಗೇ ವಾಪಸ್. ಮಾರನೇ ದಿನ ಮಗಳ ಪ್ರಾಜೆಕ್ಟ್ ಕೊಡಬೇಕು. ಕೈ ನಡುಗಿತು. ಇನ್‌ಸ್ಟಾಲ್ ಮಾಡಿದ್ದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆರೆದು, ಹಿಂದಿನ ವಾರದ ಸ್ನ್ಯಾಪ್‌ಶಾಟ್ (ಅದು ಉಳಿಸಿಟ್ಟಿದ್ದ ಸಿಸ್ಟಮ್‌ನ ಪ್ರತಿ) ಆರಿಸಿ ರೀಸ್ಟೋರ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಎಲ್ಲ ಮೊದಲಿನಂತೆ. ಪ್ರಾಜೆಕ್ಟ್ ಫೈಲ್ ಕೂಡ ಹಾಗೇ ಇತ್ತು. ಯಾಕೆಂದರೆ ಟೈಮ್‌ಶಿಫ್ಟ್ ತಾನಾಗಿ ನಮ್ಮ ಫೋಟೋ, ಫೈಲುಗಳನ್ನು ಮುಟ್ಟುವುದಿಲ್ಲ, ಸಿಸ್ಟಮ್ಮನ್ನು ಮಾತ್ರ ಹಿಂದಕ್ಕೆ ಒಯ್ಯುತ್ತದೆ. ಅದೇ ಕಾರಣಕ್ಕೆ ಇದನ್ನು ಫೋಟೋಗಳ ಬ್ಯಾಕಪ್ ಅಂತ ನಂಬಲೂ ಬಾರದು. ಅದಕ್ಕೆ ಬೇರೆ ಎಕ್ಸ್‌ಟರ್ನಲ್ ಡಿಸ್ಕ್ ಇಡಿ. ದಿನಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟರೆ ಸಣ್ಣ ಎಸ್‌ಎಸ್‌ಡಿ ಬೇಗ ತುಂಬುತ್ತದೆ, ವಾರಕ್ಕೊಂದರಂತೆ ಎರಡು ಸಾಕು.

ಆ ಪ್ರಿಂಟರ್ ಮಾತ್ರ ಕೊನೆಗೂ ಸರಿಯಾಗಲಿಲ್ಲ. ಅದರ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ನಮ್ಮಲ್ಲಿ ನಡೆಯಲೇ ಇಲ್ಲ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಕಳಿಸುತ್ತೇವೆ. ನಿಮ್ಮ ಮನೆಯಲ್ಲಿ ಟ್ಯಾಲಿ ಲೆಕ್ಕ ಬರೆಯುವವರಿದ್ದರೆ ಅವರ ಕಂಪ್ಯೂಟರನ್ನು ಬದಲಾಯಿಸಬೇಡಿ, ಅದು ವಿಂಡೋಸ್‌ಗೆಂದೇ ಇರುವುದು.

ಒಂದು ಮಿಂಟ್ ಸರಣಿಗೆ ಸುಮಾರು ಐದು ವರ್ಷ ಅಪ್‌ಡೇಟ್ ಬರುತ್ತದೆ. 20ರದ್ದು 2025ರ ಏಪ್ರಿಲ್‌ಗೆ ಮುಗಿಯಿತು, 22ಕ್ಕೆ 2029ರವರೆಗೆ ಇದೆ. 20ರಿಂದ ನೇರ 22ಕ್ಕೆ ಹಾರಲು ಬರುವುದಿಲ್ಲ, ನಡುವೆ 21ರ ಮೆಟ್ಟಿಲು ಹತ್ತಲೇಬೇಕು. ಎರಡು ಸಲವೂ ಒಂದೊಂದು ಸಂಜೆ ಹಿಡಿಯಿತು, ಫೈಲ್ ಒಂದೂ ಹೋಗಲಿಲ್ಲ.

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಮ್ಮದರಷ್ಟು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಈಚೆಗೆ ಅಣ್ಣನೂ ತನ್ನ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಲು ಹೊರಟಿದ್ದ. ಪೆನ್‌ಡ್ರೈವ್ ಕೊಟ್ಟು ಹೇಳಿದೆ: ‘ಒಂದು ವಾರ ಇದರಿಂದಲೇ ಓಡಿಸಿ ನೋಡಣ್ಣ. ವೈಫೈ, ಸೌಂಡು, ನಿನ್ನ ಪ್ರಿಂಟರ್ ಈ ಮೂರು ನಡೆದರೆ ಭಾನುವಾರ ಬಂದು ಹಾಕಿಕೊಡ್ತೀನಿ.’ ಮೂರೂ ನಡೆದವು. ಹೋಗಿ ಹಾಕಿಕೊಟ್ಟು ಬಂದೆ.