ಬೆಂಗಳೂರು ಕ್ವಿಜ್ ಗೆದ್ರೆ ಟೆಕ್ ಸಮ್ಮೇಳನದ ಟಿಕೆಟ್ ಫ್ರೀ ಅಂದ್ರೆ ಒಂದು ರೂಪಾಯಿನೂ ಕಟ್ಟಬೇಡಿ

5,059 ರೂಪಾಯಿ ಹೋಯ್ತು. ಎರಡು ಕಂತಲ್ಲಿ, ನನ್ನ ಕೈಯಾರೆ ಪಿನ್ ಒತ್ತಿ ಕಳಿಸಿದ್ದು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ. ಯಾಕಂದ್ರೆ ಊರಿನ ಮೇಲಿನ ಅಭಿಮಾನವನ್ನೇ ಗಾಳಕ್ಕೆ ಸಿಕ್ಕಿಸಿದ್ದಾರೆ ಈ ಕ್ವಿಜ್ ವಂಚಕರು.

ಗೆದ್ರೆ ಟೆಕ್ ಸಮ್ಮೇಳನದ ಪಾಸ್ ಫ್ರೀ ಅನ್ನೋ ಪೋಸ್ಟರ್ ನೋಡಿ ಉತ್ತರ ಕಳಿಸಿದ್ದೆ. ಐದು ಪ್ರಶ್ನೆ. ಬೆಂಗಳೂರು ಕಟ್ಟಿದ ವರ್ಷ (1537). ಕೆ.ಆರ್. ಮಾರ್ಕೆಟ್ ಹತ್ರ ಮೊದಲು ಕರೆಂಟ್ ಬೀದಿದೀಪ ಹತ್ತಿದ ವರ್ಷ (1905, ಶಿವನಸಮುದ್ರದಿಂದ ಬಂದ ವಿದ್ಯುತ್ತು). ಕೆಂಪೇಗೌಡರ ಗಡಿ ಗೋಪುರ ಎಷ್ಟು (ನಾಲ್ಕು: ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ, ಮೇಖ್ರಿ ಸರ್ಕಲ್). ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದ ವರ್ಷ (1985). ಮೆಟ್ರೋ ಮೊದಲು ಓಡಿದ್ದು ಎಲ್ಲಿಂದ ಎಲ್ಲಿಗೆ (2011ರಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ). ಊರು ಗೊತ್ತಿರೋರಿಗೆ ಎರಡು ನಿಮಿಷದ ಕೆಲಸ. ಹತ್ತು ನಿಮಿಷಕ್ಕೆ ವಾಟ್ಸಾಪ್: "ಅಭಿನಂದನೆಗಳು ಸರ್, 9,500 ರೂ. ಪಾಸ್ ನಿಮ್ಮದು!"

ಆಮೇಲೆ ಗೊತ್ತಾಯ್ತು, ಸ್ನೇಹಿತರೊಬ್ಬರು ಬೇಕಂತಲೇ ಐದಕ್ಕೂ ತಪ್ಪು ಉತ್ತರ ಹಾಕಿದ್ರಂತೆ. ಬೆಂಗಳೂರು ಕಟ್ಟಿದ್ದು 1947 ಅಂತ. ಅವರಿಗೂ ಅದೇ ಅಭಿನಂದನೆ, ಅದೇ 9,500. ಉತ್ತರ ನೋಡೋರೇ ಇಲ್ಲ ಅಲ್ಲಿ. ನಿಮಗೆ ಅನುಮಾನ ಇದ್ರೆ ಮೊದಲು ಈ ಪರೀಕ್ಷೆ ಮಾಡಿ, ಖರ್ಚಿಲ್ಲ.

ಮೊದಲ ಕಂತು: ಟಿಕೆಟ್ ಮೇಲೆ ಶೇ. 18 ಜಿಎಸ್‌ಟಿ 1,710, ಬ್ಯಾಡ್ಜ್ ಪ್ರಿಂಟಿಂಗ್ 499. ಒಟ್ಟು 2,209. ಲೆಕ್ಕ ಸರಿಯಾಗಿತ್ತು, ಅಲ್ಲೇ ನಂಬಿಕೆ ಬಂದಿದ್ದು. ಆದ್ರೆ ಯುಪಿಐ ಪರದೆ ಮೇಲೆ ಬಂದ ಹೆಸರು ಯಾವನೋ ಒಬ್ಬ ವ್ಯಕ್ತಿದು, ಸಂಸ್ಥೆದಲ್ಲ. ಕೇಳಿದ್ದಕ್ಕೆ "ಸರ್ ಅದು ನಮ್ಮ ಅಕೌಂಟ್ಸ್ ಮ್ಯಾನೇಜರ್ ಹೆಸರು" ಅಂದ್ರು. ರಸೀದಿಯಲ್ಲಿದ್ದ ಜಿಎಸ್‌ಟಿ ನಂಬರ್ ಕರ್ನಾಟಕದ 29ರಿಂದಲೇ ಶುರುವಾಗಿತ್ತು. ಆದ್ರೆ ಎಣಿಸಿದ್ರೆ 14 ಅಕ್ಷರ. ಇರಬೇಕಾದದ್ದು 15: ಮೊದಲು ರಾಜ್ಯದ ಎರಡು ಅಂಕಿ, ಆಮೇಲೆ ಹತ್ತು ಅಕ್ಷರದ ಪ್ಯಾನ್, ಕೊನೆಗೆ ಮೂರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದ್ರೆ ಯಾರ ಹೆಸರಲ್ಲಿದೆ ಅಂತ ಲಾಗಿನ್ ಇಲ್ಲದೇ ತೋರಿಸುತ್ತೆ. ನಾನು ಎಣಿಸಿದ್ದು ದುಡ್ಡು ಹೋದ ಮೇಲೆ.

ಎರಡನೇ ಕಂತು: ಬಹುಮಾನದ ಮೇಲೆ ಶೇ. 30 ತೆರಿಗೆ, 2,850. "ಇದು ರಿಫಂಡಬಲ್ ಸರ್, ಗೇಟಲ್ಲಿ ಕ್ಯಾಶ್ ವಾಪಸ್ ಕೊಡ್ತೀವಿ." ತೆರಿಗೆ ಅಂದ್ಮೇಲೆ ಗೇಟಲ್ಲಿ ಹೇಗೆ ವಾಪಸ್ ಕೊಡ್ತಾರೆ! ಅದೂ ಅಲ್ಲದೇ, ಗೆದ್ದ ಮೊತ್ತ 10,000 ದಾಟಿದ್ರೆ ಮಾತ್ರ ಆ ಶೇ. 30 ಕಡಿತ. ಅವರೇ ಬರೆದ ಬೆಲೆ 9,500. ಆ ಕ್ಷಣಕ್ಕೆ ಅದು ಹೊಳೀಲಿಲ್ಲ, ಕಟ್ಟಿದೆ.

ಆಧಾರ್ ಕೂಡ ಕೇಳಿದ್ರು, ಬ್ಯಾಡ್ಜಿಗೆ ಅಂತ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕಳಿಸಿದ್ದೆ. ಅದೊಂದು ಉಳೀತು.

ಸಮ್ಮೇಳನ ನಿಜವಾದದ್ದೇ, ನಡೆಸಿದವರಿಗೂ ಇದಕ್ಕೂ ಸಂಬಂಧ ಇಲ್ಲ. ಬೆಳಗ್ಗೆ ಎಂಟೂವರೆಗೆ ಕೌಂಟರ್ ಮುಂದೆ ಕ್ಯೂ. ಅವರು ಕಳಿಸಿದ್ದ ಪಿಡಿಎಫ್ ಟಿಕೆಟ್ ತೋರಿಸಿದೆ. ಕೌಂಟರ್ ಹುಡುಗಿ ಅದರ ಕ್ಯೂಆರ್ ಸ್ಕ್ಯಾನ್ ಮಾಡಿದ್ಲು, ಕೆಂಪು. ಮತ್ತೆ ಮಾಡಿದ್ಲು, ಕೆಂಪು. "ಸರ್, ಈ ಆರ್ಡರ್ ನಂಬರೇ ನಮ್ಮಲ್ಲಿಲ್ಲ" ಅಂದ್ಲು. ಹಿಂದೆ ನಿಂತಿದ್ದವರೆಲ್ಲಾ ನೋಡ್ತಿದ್ದಾರೆ. ಕ್ಯೂ ಬಿಟ್ಟು ಪಕ್ಕಕ್ಕೆ ಬಂದ್ರೆ ಅಲ್ಲಿ ಇನ್ನಿಬ್ಬರು, ಕೈಯಲ್ಲಿ ಅದೇ ಪಿಡಿಎಫ್, ಹೆಸರು ಮಾತ್ರ ಬೇರೆ. ಮೂರೂ ಕ್ಯೂಆರ್ ಫೋನ್ ಕ್ಯಾಮೆರಾದಲ್ಲಿ ತೆಗೆದು ನೋಡಿದ್ವಿ. ಮೂರರಲ್ಲೂ ಒಂದೇ ಎಂಟಂಕಿ. ನಿಜವಾದ ಟಿಕೆಟಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಡ್ ಇರುತ್ತೆ. ಇಷ್ಟನ್ನ ಮನೆಯಲ್ಲೇ ನೋಡಬಹುದಿತ್ತು.

ಅಲ್ಲೇ ನಿಂತು ಆ ವಾಟ್ಸಾಪ್ ನಂಬರಿಗೆ ಮೆಸೇಜ್ ಹಾಕಿದೆ. ಬಂದ ಉತ್ತರಗಳು:
"ಸರ್ವರ್ ಡೌನ್ ಇದೆ ಸರ್, 2ನೇ ಗೇಟಿಗೆ ಹೋಗಿ."
ಇಲ್ಲಿ ಇರೋದೇ ಒಂದು ಗೇಟು ಅಂದೆ.
"ಹಾಗಾದ್ರೆ ಸ್ಪಾಟ್ ಆಕ್ಟಿವೇಶನ್ 750 ಹಾಕಿ ಸರ್, 5 ನಿಮಿಷಕ್ಕೆ ಓಪನ್ ಆಗುತ್ತೆ."
ಮತ್ತೆ ದುಡ್ಡು! ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದೆ.
"ನೀವು ಟರ್ಮ್ಸ್ ಓದಿಲ್ಲ ಅನ್ಸುತ್ತೆ ಸರ್."
ಓದೋಕೆ ಟರ್ಮ್ಸ್ ಅಂತ ಏನೂ ಕಳಿಸೇ ಇರಲಿಲ್ಲ. ಅಷ್ಟರಲ್ಲಿ ಹಳೇ ಮೆಸೇಜ್ ಒಂದೊಂದಾಗಿ ಅಳಿಸ್ತಾ ಬಂದ್ರು, ಆಮೇಲೆ ಬ್ಲಾಕ್. ಅದಕ್ಕೇ ಹೇಳ್ತಿದ್ದೀನಿ, ಜಗಳಕ್ಕೆ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ. ಪೂರ್ತಿ ಚಾಟ್, ನಂಬರ್ ಸಮೇತ.

ನಿಜವಾಗಿ ಟಿಕೆಟ್ ಕೊಡೋ ಆಯೋಜಕರು ದುಡ್ಡು ಕೇಳಲ್ಲ. ಒಂದು ಕೂಪನ್ ಕೋಡ್ ಕಳಿಸ್ತಾರೆ. ಸಮ್ಮೇಳನದ ಅಧಿಕೃತ ಟಿಕೆಟ್ ಪುಟಕ್ಕೆ ನೀವೇ ಹೋಗಿ (ಅವರು ಕಳಿಸಿದ ಲಿಂಕ್ ಒತ್ತಬೇಡಿ), ಕೋಡ್ ಹಾಕಿದ್ರೆ ಕಟ್ಟಬೇಕಾದ ಮೊತ್ತ ಸೊನ್ನೆ ಆಗಬೇಕು. ಆರ್ಡರ್ ನಂಬರ್ ಸಮೇತ ಇಮೇಲ್ ಅಲ್ಲಿಂದಲೇ ಬರಬೇಕು. ಸೊನ್ನೆ ಆಗ್ಲಿಲ್ವಾ, ಬಿಟ್ಟುಬಿಡಿ.

ಕಟ್ಟಿಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ವಹಿವಾಟಿನ 12 ಅಂಕಿಯ ರೆಫರೆನ್ಸ್ ನಂಬರ್, ಕಳಿಸಿದ ಸಮಯ, ಮೊತ್ತ ಕೈಯಲ್ಲಿಟ್ಟುಕೊಳ್ಳಿ, ಅದನ್ನೇ ಕೇಳ್ತಾರೆ. ಎರಡು ಸಲ ಕಟ್ಟಿದ್ರೆ ಎರಡು ನಂಬರೂ ಕೊಡಿ. ದುಡ್ಡು ಅವರ ಖಾತೆಯಿಂದ ಮುಂದಕ್ಕೆ ಹೋಗೋದರೊಳಗೆ ತಡೆದ್ರೆ ಮಾತ್ರ ಸಿಗೋ ಆಸೆ. ನಾನು ಫೋನ್ ಮಾಡಿದ್ದು ನಾಲ್ಕು ದಿನ ಆದ್ಮೇಲೆ, ಸಮ್ಮೇಳನದ ದಿನದವರೆಗೂ ಟಿಕೆಟ್ ನಿಜ ಅಂತ ನಂಬಿ. ಅಷ್ಟೊತ್ತಿಗೆ ಖಾತೆ ಖಾಲಿ.

ಈಗ ಅದೇ ಬಣ್ಣದ ಪೋಸ್ಟರ್ ಮೈಸೂರಿನ ಹೆಸರಲ್ಲಿ ಓಡಾಡ್ತಿದೆ. ಮೊದಲ ಪ್ರಶ್ನೆ, ಈಗಿರೋ ಅರಮನೆ ಕಟ್ಟಿ ಮುಗಿದ ವರ್ಷ. 1912 ಅಂತ ನಿಮಗೆ ಗೊತ್ತಿರುತ್ತೆ. ಬರೆದು ಕಳಿಸಬೇಡಿ.