ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ

ಮನೆಯಲ್ಲಿ ಗಂಡು ಬೆಕ್ಕು ಇರುವವರು ದಯವಿಟ್ಟು ಇದನ್ನು ಓದಿ. ಅದು ಪದೇ ಪದೇ ಮರಳಿನ ಟ್ರೇಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು ತಿಣುಕಿ, ಏನೂ ಆಗದೆ ಎದ್ದು ಬರುತ್ತಿದೆಯಾ? ಮಲಬದ್ಧತೆ ಅಂತ ಯಾರು ಹೇಳಿದರೂ ಸುಮ್ಮನಾಗಬೇಡಿ. ಮೊದಲು ಉಚ್ಚೆ ಕಟ್ಟಿದೆಯಾ ಅಂತ ಡಾಕ್ಟರ್ ಕೈಲಿ ನೋಡಿಸಿ.

ನಮ್ಮ ಬೆಕ್ಕು ಹೀಗೆ ಮಾಡಿದಾಗ ಸಂಜೆಯಾಗಿತ್ತು. ಯಾವಾಗಲೂ ಹೋಗುವ ಕ್ಲಿನಿಕ್‌ಗೆ ಫೋನ್ ಮಾಡಿದೆ. ಎತ್ತಿದವರು ಬೆಕ್ಕು ಗಂಡೋ ಹೆಣ್ಣೋ ಅಂತಲೂ ಕೇಳಲಿಲ್ಲ. "ಮೋಷನ್ ಗಟ್ಟಿಯಾಗಿರಬೇಕು, ನೀರು ಜಾಸ್ತಿ ಕುಡಿಸಿ, ಬೆಳಿಗ್ಗೆ ಕರ್ಕೊಂಡು ಬನ್ನಿ" ಅಂದರು. ರಾತ್ರಿ ವಾಂತಿ ಶುರುವಾಯಿತು. ಮಂಚದ ಕೆಳಗೆ ಸೇರಿಕೊಂಡು ಹಿಂಭಾಗವನ್ನೇ ನೆಕ್ಕಿಕೊಳ್ಳುತ್ತಿತ್ತು. ಹೊಟ್ಟೆಗೆ ಕೈ ತಾಗಿದರೆ ಅರಚುತ್ತಿತ್ತು. ಟ್ರೇ ಕೆದಕಿ ನೋಡಿದರೆ ಮರಳು ಒಣಒಣ, ಉಚ್ಚೆ ಹೊಯ್ದ ಒಂದು ಉಂಡೆಯೂ ಇಲ್ಲ. ತಕ್ಷಣ ರಾತ್ರಿ ತೆರೆದಿರುವ ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರ್ ಹೊಟ್ಟೆ ಮುಟ್ಟಿದವರೇ "ಮೂತ್ರಕೋಶ ಗಟ್ಟಿ ಚೆಂಡಿನ ಹಾಗಾಗಿದೆ" ಅಂದರು. ಅರಿವಳಿಕೆ ಕೊಟ್ಟು, ಸಣ್ಣ ಟ್ಯೂಬ್ ಹಾಕಿ ಮೂತ್ರ ತೆಗೆದರು. ರಕ್ತ ಬೆರೆತು ಕೆಂಪಗಿತ್ತು. ಡ್ರಿಪ್ ಹಾಕಿ ಅಲ್ಲೇ ಇರಿಸಿಕೊಂಡರು. ಬದುಕಿಕೊಂಡಿತು. ಆದರೆ ಆ ಫೋನಿನ ಮಾತು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಸಣ್ಣ ಹರಳು, ಲೋಳೆ ಸೇರಿ ಅಡ್ಡ ಸಿಕ್ಕಿಕೊಂಡರೆ ದಾರಿಯೇ ಮುಚ್ಚಿಹೋಗುತ್ತದೆ. ಉಚ್ಚೆಯ ಜೊತೆ ಹೊರಗೆ ಹೋಗಬೇಕಾದ ಪೊಟ್ಯಾಶಿಯಂ ಅನ್ನುವ ಖನಿಜ ರಕ್ತದಲ್ಲೇ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ನೀರು ಕುಡಿಸಿದರೆ ಇದು ಬಿಡುವುದಿಲ್ಲ. ತೊಟ್ಟು ತೊಟ್ಟು ಬರುತ್ತಿದೆಯಲ್ಲ ಅನ್ನುವ ಸಮಾಧಾನವೂ ಬೇಡ. ಹೊಟ್ಟೆ ಒತ್ತಿ ಉಚ್ಚೆ ಹೊಯ್ಯಿಸಲು ಹೋಗಲೇಬೇಡಿ, ಮೂತ್ರಕೋಶ ಒಡೆಯಬಹುದು. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಇನ್ನೊಂದು ವಿಷಯ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕನ್ನೂ, ಒಸಡು ಬಿಳಿಚಿಕೊಂಡ ಅಥವಾ ನೀಲಿಯಾದ ಬೆಕ್ಕನ್ನೂ ಇಷ್ಟೇ ಬೇಗ ಕರೆದುಕೊಂಡು ಹೋಗಬೇಕು.

ಫೋನ್ ಮಾಡುವಾಗ ಮೊದಲ ಮಾತೇ "ಗಂಡು ಬೆಕ್ಕು, ಉಚ್ಚೆ ಬರ್ತಿಲ್ಲ" ಅಂತ ಇರಲಿ. ಕೊನೇ ಸಲ ಯಾವಾಗ ಉಚ್ಚೆ ಹೊಯ್ದಿತ್ತು ಅನ್ನುವುದನ್ನೂ ಹೇಳಿ. ಆಮೇಲೂ ಬೆಳಿಗ್ಗೆ ಬನ್ನಿ ಅಂದರೆ ಆ ಫೋನ್ ಇಟ್ಟು ಬೇರೆ ಆಸ್ಪತ್ರೆಗೆ ಮಾಡಿ.