ಸೂಟ್ ಸಿಕ್ಕಿತೆಂದು ತಿಳಿಯುವುದು ಯಾವ ದಿನ: ಮೂರು ಹೋಟೆಲ್ ಸದಸ್ಯತ್ವಗಳ ಹೋಲಿಕೆ

ಮ್ಯಾರಿಯಟ್ ಬಾನ್‌ವಾಯ್, ವರ್ಲ್ಡ್ ಆಫ್ ಹಯಾತ್ ಮತ್ತು ಹಿಲ್ಟನ್ ಆನರ್ಸ್ ಎಂಬ ಮೂರೂ ಸದಸ್ಯತ್ವಗಳನ್ನು (ಹೆಚ್ಚು ರಾತ್ರಿ ತಂಗಿದಂತೆ ಸದಸ್ಯರ ದರ್ಜೆ ಏರಿ ಸವಲತ್ತು ಹೆಚ್ಚುವ ಯೋಜನೆಗಳಿವು) ಕೆಲವು ವರ್ಷ ಬಳಸಿ ನೋಡಿದ ಮೇಲೆ, ರೂಮ್ ಅಪ್‌ಗ್ರೇಡ್ ವಿಷಯದಲ್ಲಿ ಇವುಗಳನ್ನು ಒಂದು ಪ್ರಶ್ನೆ ಇಟ್ಟುಕೊಂಡು ಅಳೆಯಬೇಕು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಮೇಲಿನ ದರ್ಜೆಯ ರೂಮ್ ಸಿಕ್ಕಿದೆ ಎಂಬುದು ನಮಗೆ ಯಾವ ದಿನ ತಿಳಿಯುತ್ತದೆ? ಕೆಲಸದ ಮೇಲೆ ಒಬ್ಬನೇ ಹೋದಾಗ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಆದರೆ ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವಾಗ, ಕುಳಿತು ಮಾತನಾಡಲು ಬೇರೆ ಕೋಣೆಯಿರುವ ಸೂಟ್ ಸಿಗುವುದೋ ಇಲ್ಲವೋ ಎಂಬುದು ಮೊದಲೇ ಗೊತ್ತಿದ್ದರೆ ಎಷ್ಟು ರೂಮ್ ಕಾದಿರಿಸಬೇಕು ಎಂಬುದೂ ತೀರ್ಮಾನವಾಗುತ್ತದೆ.

ಬಾನ್‌ವಾಯ್‌ನಲ್ಲಿ ವರ್ಷಕ್ಕೆ 50 ರಾತ್ರಿ ತಂಗಿದರೆ ಪ್ಲಾಟಿನಮ್, 75 ರಾತ್ರಿಗೆ ಟೈಟೇನಿಯಮ್. ಬ್ಯಾಂಕಿನ ಕಾರ್ಡ್ ಮೂಲಕ ಸುಲಭವಾಗಿ ದೊರೆಯುವ ಸಿಲ್ವರ್ ಮತ್ತು ಗೋಲ್ಡ್ ದರ್ಜೆಗಳಿಗೆ ಸೂಟ್ ಅನ್ವಯಿಸುವುದಿಲ್ಲ. ಗೋಲ್ಡ್‌ಗೆ ಸಿಗಬಹುದಾದದ್ದು ಮೇಲಿನ ಮಹಡಿ, ಮೂಲೆಯ ರೂಮ್, ಒಳ್ಳೆಯ ನೋಟ, ಅಷ್ಟೇ. ಪ್ಲಾಟಿನಮ್ ಆದ ಮೇಲೆ ಸೂಟ್ ಕೂಡ ಸೇರುತ್ತದೆ, ಆದರೆ ಚೆಕ್-ಇನ್ ಹೊತ್ತಿಗೆ ಖಾಲಿ ಇದ್ದರೆ ಮಾತ್ರ. ಹಾಗಾಗಿ ಇಲ್ಲಿ ಲೆಕ್ಕ ನಿಂತಿರುವುದು ಊರಿನ ಮೇಲೆ, ವಾರದ ಮೇಲೆ. ಬೆಂಗಳೂರಿನ ದೊಡ್ಡ ಹೋಟೆಲ್‌ಗಳು ಸೋಮವಾರದಿಂದ ಗುರುವಾರದವರೆಗೆ ಕಂಪನಿ ಕೆಲಸಕ್ಕೆ ಬಂದವರಿಂದ ತುಂಬಿರುತ್ತವೆ, ಶನಿವಾರ ಭಾನುವಾರ ಸಡಿಲವಾಗುತ್ತವೆ. ಕೊಡಗಿನ ರೆಸಾರ್ಟ್‌ಗಳಲ್ಲಿ ಇದು ಸರಿಯಾಗಿ ಉಲ್ಟಾ. ಏರೋ ಇಂಡಿಯಾ ನಡೆಯುವ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೂಟ್ ನಿರೀಕ್ಷಿಸುವುದು ವ್ಯರ್ಥ. ಇದಕ್ಕಿಂತಲೂ ಮುಖ್ಯವಾದದ್ದು ಮದುವೆಯ ಮುಹೂರ್ತಗಳು. ಒಳ್ಳೆಯ ಮುಹೂರ್ತವಿರುವ ದಿನ ವಧೂವರರ ಕಡೆಯವರು ಸೂಟ್‌ಗಳನ್ನೆಲ್ಲ ತಿಂಗಳುಗಳ ಮೊದಲೇ ಹಿಡಿದಿರುತ್ತಾರೆ. ಅಂಥ ಒಂದು ದಿನ ಹೋಟೆಲ್ ಒಂದರಲ್ಲಿ ನನಗೆ ಕಾದಿರಿಸಿದ್ದ ಸಾಮಾನ್ಯ ರೂಮ್ ಸಿಗುವುದೂ ತಡವಾಯಿತು. ಅಂದಿನಿಂದ ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ನೋಡುತ್ತೇನೆ.

ಪ್ಲಾಟಿನಮ್ ಸದಸ್ಯರು ನೈಟ್ಲಿ ಅಪ್‌ಗ್ರೇಡ್ ಅವಾರ್ಡ್‌ಗಳನ್ನೂ, ಅಂದರೆ ಮೇಲಿನ ದರ್ಜೆಯ ರೂಮ್ ಕೋರಲು ಬಳಸುವ ಕೂಪನ್‌ಗಳನ್ನೂ, ಆರಿಸಿಕೊಳ್ಳಬಹುದು. 50 ರಾತ್ರಿಗೆ 5, 75 ಕ್ಕೆ ಮತ್ತೆ 5. ಒಂದು ರಾತ್ರಿಗೆ ಒಂದು ಖರ್ಚಾಗುತ್ತದೆ. ಬೇಕಾದ ಸೂಟ್ ಬಗೆಯನ್ನು ಮೊದಲೇ ಗುರುತಿಸಿ ಇಡಬಹುದಾದರೂ, ವ್ಯವಸ್ಥೆ ಅದನ್ನು ಪರಿಶೀಲಿಸಲು ತೊಡಗುವುದು ತಲುಪುವುದಕ್ಕೆ ಕೆಲವೇ ದಿನ ಇರುವಾಗ, ಉತ್ತರ ಬರುವುದು ಕೆಲವೊಮ್ಮೆ ಹಿಂದಿನ ದಿನ. ಸಿಗದಿದ್ದರೆ ಅವಾರ್ಡ್ ಖಾತೆಗೆ ಮರಳುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಎರಡನೇ ರೂಮ್ ಕಾದಿರಿಸಹೋದರೆ ದರ ಏರಿರುತ್ತದೆ.

ಹಯಾತ್ ಈ ತೊಂದರೆಯನ್ನು ಬುಡದಲ್ಲೇ ತೆಗೆದುಹಾಕಿದೆ. ಅದರ ಸೂಟ್ ಅಪ್‌ಗ್ರೇಡ್ ಅವಾರ್ಡನ್ನು ಬುಕಿಂಗ್ ಮಾಡುವಾಗಲೇ ಬಳಸಬಹುದು. ಸ್ಟ್ಯಾಂಡರ್ಡ್ ಸೂಟ್ ಆ ದಿನಗಳಿಗೆ ಖಾಲಿ ಇದ್ದರೆ ಅಲ್ಲಿಯೇ ಖಚಿತವಾಗುತ್ತದೆ, ಮತ್ತು ಒಂದೇ ಅವಾರ್ಡ್ ಸತತ 7 ರಾತ್ರಿಗಳವರೆಗೆ ಸಾಲುತ್ತದೆ. ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿರುವ ಪಾರ್ಕ್ ಹಯಾತ್‌ಗೆ ಮನೆಯವರೊಂದಿಗೆ ಹೋಗುವ ಮುನ್ನ ಇದನ್ನು ಪರೀಕ್ಷಿಸಿದೆ. ಅತಿ ಕಡಿಮೆ ದರದ ರೂಮ್ ಕಾದಿರಿಸಿ ಅವಾರ್ಡ್ ಹಚ್ಚಿದೆ. ದೃಢೀಕರಣದ ಇಮೇಲ್‌ನಲ್ಲಿ ದರ ಹಾಗೆಯೇ ಉಳಿದು, ರೂಮಿನ ಹೆಸರಿನ ಜಾಗದಲ್ಲಿ ಸೂಟ್ ಎಂದು ಬದಲಾಗಿತ್ತು. ಹೊರಡಲು ಇನ್ನೂ ವಾರಗಳು ಇದ್ದವು. ಆ ಒಂದು ಸಾಲು ಕೊಟ್ಟ ನೆಮ್ಮದಿಯನ್ನು ಕೌಂಟರಿನ ಮುಂದೆ ಸಿಕ್ಕ ಯಾವ ಸೂಟೂ ಕೊಟ್ಟಿಲ್ಲ. ಹಯಾತ್‌ನ ಕೊರತೆ ಬೇರೆ ಕಡೆ ಇದೆ. ಅದರ ಮೇಲಿನ ದರ್ಜೆಯಾದ ಗ್ಲೋಬಲಿಸ್ಟ್ ಆಗಲು ವರ್ಷಕ್ಕೆ 60 ರಾತ್ರಿ ಬೇಕು, ಭಾರತದಲ್ಲಿ ಅದರ ಹೋಟೆಲ್‌ಗಳು ಮ್ಯಾರಿಯಟ್‌ಗಿಂತ ಬಹಳ ಕಡಿಮೆ, ಆದ್ದರಿಂದ ರಾತ್ರಿಗಳನ್ನು ಕೂಡಿಸುವುದೇ ಕಷ್ಟ. ಗ್ಲೋಬಲಿಸ್ಟ್ ಆಗುವ ಮೊದಲೇ, ನಡುವಿನ ಮೈಲಿಗಲ್ಲುಗಳಲ್ಲಿಯೇ ಈ ಅವಾರ್ಡ್ ಕೈಗೆ ಬರುತ್ತದೆ ಎಂಬುದು ಸಮಾಧಾನದ ಸಂಗತಿ.

ಹಿಲ್ಟನ್ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಅದರ ವ್ಯವಸ್ಥೆ ತಲುಪುವ 72 ಗಂಟೆಗಳ ಮೊದಲಿನಿಂದ ತಾನಾಗಿಯೇ ಅಪ್‌ಗ್ರೇಡ್ ಹಂಚಬಲ್ಲದು. ಹಿಲ್ಟನ್‌ನದೇ ಆದ ಬೆಂಗಳೂರಿನ ಕಾನ್ರಾಡ್ ಹೋಟೆಲ್‌ನಲ್ಲಿ ಗೋಲ್ಡ್ ದರ್ಜೆಯಲ್ಲಿ ನನಗೆ ಹಲಸೂರು ಕೆರೆಯತ್ತ ಕಿಟಕಿಯಿರುವ ರೂಮ್ ಸಿಕ್ಕಿತು, ಬೆಳಗಿನ ಬೆಳಕಿನಲ್ಲಿ ಅದು ಚೆನ್ನಾಗಿಯೇ ಇತ್ತು. ಸೂಟ್ ಬೇಕೆಂದರೆ ಅದಕ್ಕಿಂತ ಮೇಲಿನ ಡೈಮಂಡ್ ದರ್ಜೆ ಆಗಬೇಕು, ಆಗಲೂ ಹೋಟೆಲಿನವರ ಮರ್ಜಿ ಉಳಿಯುತ್ತದೆ.

ಕೌಂಟರಿನಲ್ಲಿ ಕೇಳುವ ರೀತಿಯೂ ಫಲಿತಾಂಶವನ್ನು ಬದಲಿಸುತ್ತದೆ. ಹೊರಡುವ ಬೆಳಿಗ್ಗೆ ಆ್ಯಪ್ ತೆರೆದು, ನನ್ನ ದಿನಾಂಕಗಳಿಗೆ ಯಾವ ಸೂಟ್ ಇನ್ನೂ ಮಾರಾಟಕ್ಕಿದೆ ಎಂದು ನೋಡಿಕೊಳ್ಳುತ್ತೇನೆ. "ಅಪ್‌ಗ್ರೇಡ್ ಇದೆಯೇ" ಎಂದು ಕೇಳಿದರೆ "ಕೊಟ್ಟಿದ್ದೇವೆ ಸರ್" ಎಂದು ಎರಡು ಮಹಡಿ ಮೇಲಿನ ಅದೇ ಬಗೆಯ ರೂಮ್ ಕೊಡುವುದುಂಟು. "ಎಕ್ಸಿಕ್ಯುಟಿವ್ ಸೂಟ್ ಇನ್ನೂ ಖಾಲಿ ಕಾಣಿಸುತ್ತಿದೆ, ಅದನ್ನು ಕೊಡಲು ಸಾಧ್ಯವೇ" ಎಂದು ಹೆಸರು ಹಿಡಿದು ವಿನಯದಿಂದ ಕೇಳಿದಾಗ ಸಿಬ್ಬಂದಿ ಕಂಪ್ಯೂಟರ್ ಕಡೆ ತಿರುಗುತ್ತಾರೆ. ಬಾನ್‌ವಾಯ್‌ನಲ್ಲಿ ನನಗೆ ಸಿಕ್ಕ ಸೂಟ್‌ಗಳಲ್ಲಿ ಹೆಚ್ಚಿನವು ಹೀಗೆ ಬಂದವು.

ಆದ್ದರಿಂದ ಕೆಲಸದ ಪ್ರಯಾಣಕ್ಕೆ ನಾನು ಬಾನ್‌ವಾಯ್ ಉಳಿಸಿಕೊಂಡಿದ್ದೇನೆ, ಮನೆಯವರ ಪ್ರಯಾಣಕ್ಕೆ ಹಯಾತ್ ಅವಾರ್ಡ್‌ಗಳನ್ನು ಕಾದಿಡುತ್ತೇನೆ. ಯಾವುದನ್ನು ಆರಿಸಿದರೂ ಬುಕಿಂಗ್ ಆಯಾ ಸಂಸ್ಥೆಯ ಸ್ವಂತ ಆ್ಯಪ್ ಅಥವಾ ಜಾಲತಾಣದಲ್ಲೇ ಆಗಿರಲಿ. ಬೇರೆ ಟ್ರಾವೆಲ್ ಸೈಟ್‌ಗಳಲ್ಲಿ ಕೆಲವು ನೂರು ರೂಪಾಯಿ ಉಳಿಸಿ ಕಾದಿರಿಸಿದ ರೂಮಿಗೆ ಸಾಮಾನ್ಯವಾಗಿ ರಾತ್ರಿಯೂ ಲೆಕ್ಕಕ್ಕೆ ಸೇರುವುದಿಲ್ಲ, ಅಪ್‌ಗ್ರೇಡನ್ನು ಹಕ್ಕಿನಿಂದ ಕೇಳಲೂ ಬರುವುದಿಲ್ಲ.